ಒಂಬತ್ತು ಮನೆಗೊಂದು ಸಂಕ: ತಲೆ ಎಣಿಸಿ ಹಣ ಹಂಚಿದರೆ ನಮ್ಮಂಥ ಪಂಚಾಯಿತಿ ನಡೆಯುವುದು ಹೇಗೆ?

ಗುಡ್ಡದಾಚೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನವನು. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ಯಾವ ಪಂಚಾಯಿತಿ ಎಂದು ಹೇಳುವುದಿಲ್ಲ. ಹೇಳಿದರೆ ಚರ್ಚೆಯೆಲ್ಲ ಆ ಹೆಸರಿನ ಸುತ್ತಲೇ ಗಿರಕಿ ಹೊಡೆಯುತ್ತದೆ.

ನಮ್ಮ ತಾಲ್ಲೂಕು ಗೊತ್ತಿಲ್ಲದವರಿಗೆ ನಾಲ್ಕು ಮಾತು. ವಿಸ್ತೀರ್ಣ ಸುಮಾರು 1,900 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನ 52 ಸಾವಿರದ ಆಸುಪಾಸು. ಚದರ ಕಿಲೋಮೀಟರಿಗೆ ಮೂವತ್ತು ಜನರೂ ಇಲ್ಲ. ರಾಜ್ಯದ ಸರಾಸರಿ ಆಗ 319 ಇತ್ತು. ಆ 52 ಸಾವಿರದಲ್ಲಿ ರಾಮನಗರ, ಜಗಲಬೇಟ, ಗಣೇಶಗುಡಿ, ಜೋಯಿಡಾ ಪೇಟೆಗಳ ಜನರನ್ನು ಕಳೆದರೆ ಉಳಿದವರು ಕಾಡಿನೊಳಗೆ ಸಾಸಿವೆ ಚೆಲ್ಲಿದಂತೆ ಇದ್ದಾರೆ. ಐದು ಮನೆ, ಒಂಬತ್ತು ಮನೆ, ಹದಿನಾಲ್ಕು ಮನೆ. ಬೇರೆ ಕಡೆ ಮಜರೆ ಎನ್ನುವುದನ್ನು ನಾವು ವಾಡಾ ಎನ್ನುತ್ತೇವೆ.

ನನ್ನ ವಾರ್ಡಿನಲ್ಲಿ ಒಂದು ವಾಡಾ ಇದೆ. ಪಂಚಾಯಿತಿ ಕಚೇರಿಯಿಂದ 17 ಕಿಲೋಮೀಟರ್; ಅದರಲ್ಲಿ ಕಡೆಯ ಆರು ನಡಿಗೆ. ನಡುವೆ ಒಂದು ಹಳ್ಳ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಇಳಿದು ದಾಟುವಂತಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಊರವರೇ ಬೈನೆ ಮರ ಉರುಳಿಸಿ, ಅಡಿಕೆ ದಬ್ಬೆ ಬಿಗಿದು ಸಂಕ, ಅಂದರೆ ಕಾಲುಸೇತುವೆ, ಹಾಕುತ್ತಾರೆ. ಜುಲೈಯ ದೊಡ್ಡ ಮಳೆಗೆ ಅದು ತೇಲಿ ಹೋಗುತ್ತದೆ. ಮತ್ತೆ ಹಾಕುತ್ತಾರೆ.

ನಾನು ಸದಸ್ಯನಾಗಿದ್ದಾಗ ಹಟ ಹಿಡಿದು ಒಬ್ಬ ಎಂಜಿನಿಯರನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋದೆ. ಒಳ್ಳೆಯ ಮನುಷ್ಯ, ಇಂಬಳ ಕಚ್ಚಿದರೂ ಗೊಣಗಲಿಲ್ಲ. ಟೇಪು ಹಿಡಿದು ಅಳೆದರು: 14 ಮೀಟರ್. ಆಮೇಲೆ ಕೇಳಿದರು, "ಆಚೆ ಎಷ್ಟು ಮನೆ?" ನಾನು "ಒಂಬತ್ತು" ಎಂದೆ. ಅವರು ಏನೂ ಹೇಳಲಿಲ್ಲ. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆ ಕಡತ ಅಲ್ಲಿಗೇ ನಿಂತಿದೆ. ಈಗ ನಾನು ಸದಸ್ಯನಲ್ಲ, ಆದರೂ ತಲೆಯಿಂದ ಇಳಿದಿಲ್ಲ. ತಿಳಿದವರು ಹೇಳಿ: ಜನ ಕಡಿಮೆ, ನೆಲ ಹೆಚ್ಚು ಇರುವ ಪಂಚಾಯಿತಿಗೆ ಹಣ ಬರುವ ದಾರಿ ಯಾವುದು? ಈ ಸಂಕಕ್ಕೆ ಇನ್ನೆಲ್ಲಿ ಅರ್ಜಿ ಹಾಕಬಹುದು?

ಲೆಕ್ಕದ ಮನುಷ್ಯ

ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಬೇಡ. 14 ಮೀಟರಿನ ಕಾಂಕ್ರೀಟ್ ಸಂಕಕ್ಕೆ, ಸಾಮಾನು ಹೊತ್ತು ಸಾಗಿಸುವ ಕೂಲಿಯೂ ಸೇರಿದರೆ, ಎಷ್ಟಾಗುತ್ತದೆ ಎಂದು ಯೋಚಿಸಿದ್ದೀರಾ? ಒಂಬತ್ತು ಮನೆಗೆ ಭಾಗಿಸಿ ನೋಡಿ. ಅದೇ ಹಣದಲ್ಲಿ ದೊಡ್ಡ ಊರಿನ ನಾನೂರು ಮನೆಗೆ ನೀರಿನ ಟ್ಯಾಂಕ್ ಕಟ್ಟಬಹುದು. ಸರ್ಕಾರದ ಹಣ ಹೆಚ್ಚು ಜನರಿಗೆ ಹೆಚ್ಚು ಉಪಯೋಗ ಆಗುವಲ್ಲಿ ಹೋಗಬೇಕು. ನಿಮ್ಮ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಸುಪಾಸಿನಲ್ಲಿ ಇರಬೇಕಲ್ಲವೇ? ಅಲ್ಲಿಂದ ಸ್ವಇಚ್ಛೆಯಿಂದ ಹೊರಬರುವವರಿಗೆ ಕುಟುಂಬಕ್ಕೆ 15 ಲಕ್ಷದ ಪ್ಯಾಕೇಜ್ ಇದೆ. ಜನರಿಗೂ ಒಳ್ಳೆಯದು, ಕಾಡಿಗೂ ಒಳ್ಳೆಯದು.

ಹಿನ್ನೀರಿನ ಮಗಳು

ಬಂದರಪ್ಪ, "ಅವರನ್ನೇ ಎಬ್ಬಿಸಿ ಬಿಡಿ" ಎನ್ನುವವರು. ಮೊದಲ ಉತ್ತರದಲ್ಲೇ ಬಂದರು.

ನಿವೃತ್ತ ಕಾರ್ಯದರ್ಶಿ

ಗುಡ್ಡದಾಚೆಯವರೇ, ನಾನು 1987ರಲ್ಲಿ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದ ಮಂಡಲ ಪಂಚಾಯಿತಿಯಲ್ಲಿ ಕೆಲಸಕ್ಕೆ ಸೇರಿದವನು. ಪಿಡಿಓ ಆಗಿ ನಿವೃತ್ತನಾದೆ. ನನ್ನ ಸೇವೆಯ ಅರ್ಧ ಭಾಗ ಮಲೆನಾಡಿನಲ್ಲೇ ಕಳೆಯಿತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿರಲಿ.

ನಿಮ್ಮ ಎಂಜಿನಿಯರ್ ಟೇಪು ಸುತ್ತಿದ್ದು ಅವರ ಕಲ್ಲುಹೃದಯದಿಂದಲ್ಲ. ಅವರು ತುಂಬಬೇಕಾದ ನಮೂನೆಯಲ್ಲಿ "ಫಲಾನುಭವಿಗಳ ಸಂಖ್ಯೆ" ಎಂಬ ಕಾಲಂ ಇರುತ್ತದೆ. "ದಾಟುವ ಹಳ್ಳಗಳ ಸಂಖ್ಯೆ" ಎಂಬ ಕಾಲಂ ಇರುವುದಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆ ಬರೆದವರಿಗೆ ಮಲೆನಾಡು ಬೇರೆ ಎಂದು ತಿಳಿದಿತ್ತು. ಬಯಲಿನಲ್ಲಿ ಒಂದು ಪಂಚಾಯಿತಿಗೆ 5,000ದಿಂದ 7,000 ಜನ ಎಂದವರು, ಉತ್ತರ ಕನ್ನಡ, ಶಿವಮೊಗ್ಗ, ಕೊಡಗು, ಚಿಕ್ಕಮಗಳೂರಿನಂಥ ಜಿಲ್ಲೆಗಳಿಗೆ 2,500 ಸಾಕು ಎಂದರು. ಬೇಕಾದರೆ ಒಂದು ಊರನ್ನು ನಡುವಿಟ್ಟುಕೊಂಡು ಸುತ್ತ ಐದು ಕಿಲೋಮೀಟರ್ ಒಳಗಿನ ಪ್ರದೇಶವನ್ನು, ಜನ ಎಷ್ಟೇ ಇರಲಿ, ಪಂಚಾಯಿತಿ ಮಾಡಬಹುದು ಎಂದೂ ಬರೆದರು. ಅಂದರೆ ಗಡಿ ಹಾಕುವಾಗ ನೆಲವನ್ನು ನೋಡಿದರು. ಹಣ ಹಂಚುವಾಗ ಮತ್ತೆ ತಲೆ ಎಣಿಸಿದರು.

ಹದಿನೈದನೆಯ ಹಣಕಾಸು ಆಯೋಗದ ಲೆಕ್ಕವನ್ನೇ ನೋಡಿ. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚಿದ್ದು ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10 ಎಂಬ ತೂಕದಲ್ಲಿ. ಬಂದ ಹಣದಲ್ಲೂ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು. ಉಳಿದ 40ರಲ್ಲಿ ನಿಮ್ಮ ಇಷ್ಟದ ಕೆಲಸ. ಸಣ್ಣ ಪಂಚಾಯಿತಿಗೆ ಆ 40 ಭಾಗ ಎಷ್ಟೆಂದು ನಿಮಗೇ ಗೊತ್ತು. ಒಂದು ಸಂಕ ಕಟ್ಟಿದರೆ ಉಳಿದ ಹದಿನಾಲ್ಕು ಊರು ಆ ವರ್ಷ ಕೈಕಟ್ಟಿ ಕುಳಿತುಕೊಳ್ಳಬೇಕು. ಸಂಕ ಬೇಡ ಎಂದು ಠರಾವಿಗೆ ಕೈ ಎತ್ತುವವರು ನಿಮ್ಮ ಜೊತೆಯ ಸದಸ್ಯರೇ. ಅವರದ್ದೂ ತಪ್ಪಲ್ಲ.

ಇನ್ನು ಸ್ವಂತ ಆದಾಯ. ಪಂಚಾಯಿತಿ ಕಂದಾಯ ಹಾಕುವುದು ಮನೆಗೆ, ಅಂಗಡಿಗೆ. ಕಾಡಿಗೆ ಹಾಕುವಂತಿಲ್ಲ, ಹಿನ್ನೀರಿಗೆ ಹಾಕುವಂತಿಲ್ಲ. ಅರಣ್ಯದ ಅಂಚಿನ ಎಷ್ಟೋ ಮನೆಗಳು ಗ್ರಾಮಠಾಣೆಯ ಗಡಿಯೊಳಗೆ ಬರುವುದೇ ಇಲ್ಲ. ಹಾಗಾಗಿ ಇ-ಸ್ವತ್ತು, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆ, ಆಗುವುದು ಕಷ್ಟ. ಆ ಮನೆಯವನು ಸಾಲಕ್ಕೆ ಬ್ಯಾಂಕಿಗೆ ಹೋದರೆ ಕಾಗದ ಇಲ್ಲ, ಪಂಚಾಯಿತಿಗೆ ಅವನಿಂದ ಸರಿಯಾದ ಕಂದಾಯವೂ ಇಲ್ಲ.

ಗುಡ್ಡದಾಚೆ

ಕಾರ್ಯದರ್ಶಿಗಳೇ, ಅದೇ ಮಾತು. ಠರಾವಿಗೆ ವಿರುದ್ಧ ಕೈ ಎತ್ತಿದವರಲ್ಲಿ ನನ್ನ ಸ್ವಂತ ಷಡ್ಡಕನೂ ಇದ್ದ. ಅವನ ಊರಿಗೆ ಬೇಸಿಗೆಯಲ್ಲಿ ನೀರಿರಲಿಲ್ಲ. ಈಗಲೂ ಮಾತಾಡುತ್ತೇವೆ, ಆದರೆ ಸಂಕದ ವಿಷಯ ಎತ್ತುವುದಿಲ್ಲ.

ಬಯಲುಸೀಮೆ

ನಾನು ಕೋಲಾರ ಕಡೆಯವನು. ನಮ್ಮ ಪಂಚಾಯಿತಿಯಲ್ಲಿ ಎಂಟು ಸಾವಿರ ಜನ. ನಿಮ್ಮಲ್ಲಿ ಹಳ್ಳ ತುಂಬಿ ದಾಟಲಾಗದು. ನಮ್ಮಲ್ಲಿ ಸಾವಿರದ ಇನ್ನೂರು ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಧೂಳು ಬರುತ್ತದೆ. ತಲೆ ಲೆಕ್ಕದಲ್ಲಿ ನಮಗೆ ಹೆಚ್ಚು ಬರುತ್ತದೆ ಎಂದು ನೀವು ಭಾವಿಸಿದ್ದೀರಿ. ಆ ಹೆಚ್ಚಿನದೆಲ್ಲ ಪಂಪಿನ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ನಿಮಗೆ ಕೊಡಬೇಡಿ ಎನ್ನುತ್ತಿಲ್ಲ. ನೆಲದ ಲೆಕ್ಕದಲ್ಲಿ ಹಂಚಿ ಎಂದರೆ ನಮ್ಮ ಪಾಲಿನಿಂದ ಕಿತ್ತು ಕೊಡಬೇಕಾಗುತ್ತದೆ, ಅಷ್ಟು ನೆನಪಿರಲಿ.

ನಿವೃತ್ತ ಕಾರ್ಯದರ್ಶಿ

ಬಯಲುಸೀಮೆಯವರ ಮಾತು ನ್ಯಾಯವಾದದ್ದು. ಆದರೆ ನಿಮ್ಮ ಪಾಲಿಗೆ ಕೈಹಾಕದೆ ಕೊಡುವ ಒಂದು ದಾರಿ ಇದೆ, ಅದು ಸದಾ ಮಾತಿನಿಂದ ತಪ್ಪಿಸಿಕೊಳ್ಳುತ್ತದೆ. ಕೇಂದ್ರದ ತೆರಿಗೆಯ ಪಾಲನ್ನು ರಾಜ್ಯಗಳಿಗೆ ಹಂಚುವಾಗ ಹದಿನಾಲ್ಕನೆಯ ಆಯೋಗ ಅರಣ್ಯ ಹೊದಿಕೆಗೆ 7.5 ತೂಕ ಕೊಟ್ಟಿತು. ಹದಿನೈದನೆಯ ಆಯೋಗ ಅದನ್ನು ಅರಣ್ಯ ಮತ್ತು ಪರಿಸರ ಎಂದು ಕರೆದು 10ಕ್ಕೆ ಏರಿಸಿತು. ಅಂದರೆ ಕಾಡು ಉಳಿಸಿಕೊಂಡಿದ್ದಕ್ಕೆ ರಾಜ್ಯಕ್ಕೆ ಹಣ ಬರುತ್ತದೆ. ಆ ಕಾಡು ನಿಂತಿರುವುದು ಯಾವ ಪಂಚಾಯಿತಿಯಲ್ಲಿ? ಜೋಯಿಡಾದಲ್ಲಿ, ಕಾರ್ಗಲ್ಲಿನ ಸುತ್ತಮುತ್ತ, ಕೊಲ್ಲೂರಿನ ಮೇಲೆ, ಕುದುರೆಮುಖದ ಬುಡದಲ್ಲಿ. ದಿಲ್ಲಿಯಿಂದ ಬೆಂಗಳೂರಿಗೆ ಬರುವಾಗ ಇದ್ದ ಕಾಡಿನ ಹೆಸರು, ಬೆಂಗಳೂರಿನಿಂದ ಗ್ರಾಮಕ್ಕೆ ಇಳಿಯುವಾಗ ಬಿದ್ದುಹೋಗುತ್ತದೆ. ಈ ಒಂದು ಹೆಸರನ್ನು ಕೆಳಗಿನವರೆಗೆ ತಂದರೆ ಕೋಲಾರದ ರೂಪಾಯಿ ಕೋಲಾರದಲ್ಲೇ ಇರುತ್ತದೆ.

ಲೆಕ್ಕದ ಮನುಷ್ಯ

ಇದು ಒಪ್ಪುವ ಮಾತು. ನನಗೆ ಇದು ತಿಳಿದಿರಲಿಲ್ಲ. ಆದರೂ ನನ್ನ ಮೂಲ ಪ್ರಶ್ನೆ ಹಾಗೇ ಇದೆ.

ಪಣಜಿ ಬಸ್ಸು

ಲೆಕ್ಕದ ಮನುಷ್ಯರೇ, ಪ್ಯಾಕೇಜಿನ ಬಗ್ಗೆ ನಾನು ಹೇಳುತ್ತೇನೆ. ನಾನು ಕುಣಬಿ. ಊರು ಜೋಯಿಡಾ, ಕೆಲಸ ಗೋವಾದಲ್ಲಿ. ನಮ್ಮ ಕಡೆಯ ಹುಡುಗರಲ್ಲಿ ಬಹಳಷ್ಟು ಜನ ಇಲ್ಲೇ ಹೋಟೆಲು, ಕಾರ್ಖಾನೆ ಎಂದು ಇದ್ದೇವೆ. ನನ್ನ ಮಾಮಾ ಪ್ಯಾಕೇಜ್ ತೆಗೆದುಕೊಂಡು ಕಾಡಿನಿಂದ ಹೊರಗೆ ಬಂದ. ಆಗ ಅದು 10 ಲಕ್ಷ ಇತ್ತು. ಒಂದು ಭಾಗ ಮನೆಗೆ ಹೋಯಿತು, ಒಂದು ಭಾಗ ಹಳೆಯ ಸಾಲಕ್ಕೆ, ಇನ್ನೊಂದು ಭಾಗ ಮಗನ ಬೈಕಿಗೆ. ಗದ್ದೆ ಇಲ್ಲ. ಕಾಡಿನಲ್ಲಿದ್ದಾಗ ಗೆಡ್ಡೆಗೆಣಸು, ಜೇನು, ಮುರುಗಲು ಯಾವುದಕ್ಕೂ ದುಡ್ಡು ಕೊಡುತ್ತಿರಲಿಲ್ಲ. ಈಗ ಕೆಸುವಿನ ಸೊಪ್ಪಿಗೂ ಸಂತೆಗೆ ಹೋಗುತ್ತಾನೆ. ಮಾಮಿ ಮಾತ್ರ ಇನ್ನೊಂದು ಮಾತು ಹೇಳುತ್ತಾಳೆ: ಮೊಮ್ಮಕ್ಕಳ ಶಾಲೆ ಮನೆಯಿಂದ ಮೂರು ನಿಮಿಷ, ರಾತ್ರಿ ಜ್ವರ ಬಂದರೆ ರಿಕ್ಷಾ ಸಿಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಕುಳಿತು ಬೇರೆಬೇರೆ ಮಾತು ಹೇಳುತ್ತಾರೆ, ಇಬ್ಬರ ಮಾತೂ ನಿಜ.

ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಮಾಮಾ ಬಂದದ್ದರಿಂದ ಆ ವಾಡಾದಲ್ಲಿ ಹನ್ನೆರಡು ಇದ್ದ ಮನೆ ಹನ್ನೊಂದಾಯಿತು. ಆಮೇಲೆ ಏಳಾಯಿತು. ಶಾಲೆಯಲ್ಲಿ ಮಕ್ಕಳಿಲ್ಲ ಎಂದು ಬಾಗಿಲು ಹಾಕಿದರು. ಶಾಲೆ ಇಲ್ಲ ಎಂದು ಇನ್ನೆರಡು ಮನೆ ಹೊರಟಿತು. "ಸ್ವಇಚ್ಛೆ" ಎಂಬ ಶಬ್ದ ಅರ್ಜಿಯಲ್ಲಿ ಇರುತ್ತದೆ. ಅದು ಇಚ್ಛೆಯೋ ಸುಸ್ತೋ ನೀವೇ ಹೇಳಿ.

ಇನ್ನೊಂದು. ನಮ್ಮಲ್ಲಿ ಜನ ಮೊದಲಿನಿಂದಲೂ ಇಷ್ಟೇ ಇದ್ದರು ಎಂದು ತಿಳಿಯಬೇಡಿ. ಹಳೆಯ ಸೂಪಾ ಪೇಟೆ, ತಾಲ್ಲೂಕಿನ ಮುಖ್ಯ ಊರು, ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದ ಮೇಲೆ ನೀರಿನೊಳಗೆ ಹೋಯಿತು. ಸುತ್ತಲಿನ ಊರುಗಳ ಜನರೂ ಚದುರಿದರು. ರಾಮನಗರ ಆಗಿದ್ದು ಹಾಗೆಯೇ. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಹಳಬರ ಬಾಯಲ್ಲಿ ಮಾತ್ರ ಇಂದಿಗೂ "ಸೂಪಾ ತಾಲ್ಲೂಕು". ಮೊದಲು ಮುಳುಗಿಸಿ, ಆಮೇಲೆ "ಇಲ್ಲಿ ಜನವೇ ಇಲ್ಲವಲ್ಲ" ಎಂದರೆ ಏನು ಹೇಳೋಣ?

ಹಿನ್ನೀರಿನ ಮಗಳು

ಪಣಜಿ ಬಸ್ಸಿನ ತಮ್ಮಾ, ನಿನ್ನ ಕೊನೆಯ ಮಾತು ನಮ್ಮದೂ ಹೌದು. ನಾನು ಸಾಗರ ತಾಲ್ಲೂಕಿನ ಕರೂರು ಸೀಮೆಯವಳು, ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನೀರು ನಿಂತು ನಮ್ಮ ಸೀಮೆ ಸಾಗರದಿಂದ ಕತ್ತರಿಸಿಹೋಯಿತು. ಅಂದಿನಿಂದ ಸೇತುವೆ ಆಗುವವರೆಗೆ ಲಾಂಚೇ ಗತಿಯಾಗಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಸಾಗರದಲ್ಲಿ ನೆಂಟರ ಮನೆ ಹುಡುಕಬೇಕಿತ್ತು, ಇಲ್ಲದಿದ್ದರೆ ಕಾಡು ಬಳಸಿ ಸುತ್ತು ಹೊಡೆಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ.

ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ, 2.44 ಕಿಲೋಮೀಟರ್. ಖರ್ಚು 470 ಕೋಟಿಗೂ ಮೇಲೆ. ಲೆಕ್ಕದ ಮನುಷ್ಯರು ಅದನ್ನು ನಮ್ಮ ಜನಸಂಖ್ಯೆಯಿಂದ ಭಾಗಿಸಿದರೆ ಹೃದಯ ನಿಂತೀತು! ಅರವತ್ತು ವರ್ಷ ನಾವು ಕೇಳಿದೆವು, ಹೋರಾಟ ಮಾಡಿದೆವು, ಪಾದಯಾತ್ರೆ ಮಾಡಿದೆವು. ನನ್ನ ಅನುಮಾನ ಏನೆಂದರೆ, ಸಿಗಂದೂರಿನ ಚೌಡೇಶ್ವರಿ ಇಲ್ಲದಿದ್ದರೆ ಇನ್ನೂ ಕೇಳುತ್ತಲೇ ಇರುತ್ತಿದ್ದೆವು. ವರ್ಷಕ್ಕೆ ಲಕ್ಷಗಟ್ಟಲೆ ಬರುವ ಭಕ್ತರನ್ನು ಎಣಿಸಿದರು, ನಮ್ಮನ್ನಲ್ಲ. ಇರಲಿ, ದೇವಿಯ ಋಣ ಹೇಗೂ ಇತ್ತು, ಇನ್ನಷ್ಟು ಬೆಳೆಯಿತು.

ಗುಡ್ಡದಾಚೆಯಣ್ಣ, ನಿಮ್ಮ ಹಳ್ಳದ ಆಚೆ ಒಂದು ಜಲಪಾತವೋ ಗುಹೆಯೋ ಗುಡಿಯೋ ಇದ್ದರೆ ಬೇಗ ಹೇಳಿ. ತಮಾಷೆಯಲ್ಲ.

ಗುಡ್ಡದಾಚೆ

ಅಕ್ಕ, ಒಂದು ಬನ ಇದೆ. ನಾಲ್ಕು ಕಲ್ಲು, ಒಂದು ದೊಡ್ಡ ಹಾಲುಮಡ್ಡಿ ಮರ. ಅಲ್ಲಿಗೆ ಹೊರಗಿನವರು ಬರುವುದು ನಮಗೇ ಬೇಡ.

ನಮ್ಮಲ್ಲೂ ಉಳವಿ ಇದೆ. ಚೆನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ನೋಡಲು ಕಣ್ಣು ಸಾಲದು. ಗಣೇಶಗುಡಿಯಲ್ಲಿ ದೋಣಿಯಾಟಕ್ಕೆ ಬರುವವರ ವಾಹನ ಶನಿವಾರ ಎಣಿಸಿ ಮುಗಿಯುವುದಿಲ್ಲ. ಹೋಂಸ್ಟೇ, ರೆಸಾರ್ಟ್ ಇರುವ ಪಂಚಾಯಿತಿಗಳಿಗೆ ಕಂದಾಯದ ಮುಖ ಕಾಣುತ್ತದೆ. ನಮಗೆ ಅದೂ ಇಲ್ಲ, ಇರುವುದು ಕಾಡು ಮತ್ತು ಇಂಬಳ.

ಬ್ರಿಸ್ಬೇನ್ ಕನ್ನಡಿಗ

ಕುತೂಹಲಕ್ಕೆ ಒಂದು ಹೋಲಿಕೆ. ನಾನು ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪಶ್ಚಿಮದ ಮೂಲೆಯಲ್ಲಿ ಡಯಮಂಟೀನಾ ಶೈರ್ ಎಂಬ ಸ್ಥಳೀಯ ಆಡಳಿತ ಪ್ರದೇಶವಿದೆ. ಶೈರ್ ಎಂದರೆ ನಮ್ಮ ತಾಲ್ಲೂಕು ಪಂಚಾಯಿತಿಯಂತೆ ಎಂದಿಟ್ಟುಕೊಳ್ಳಿ, ಆದರೆ ಅಧಿಕಾರ ಹೆಚ್ಚು. ವಿಸ್ತೀರ್ಣ 94 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ, ಹೆಚ್ಚುಕಡಿಮೆ ಅರ್ಧ ಕರ್ನಾಟಕ. 2021ರ ಗಣತಿಯಲ್ಲಿ ಜನ ಮುನ್ನೂರು ಕೂಡ ಇರಲಿಲ್ಲ. ಬೆಡೂರಿ ಎಂಬ ಊರಲ್ಲಿ ಕಚೇರಿ. ಬರ್ಡ್ಸ್‌ವಿಲ್ ಎಂಬ ಇನ್ನೊಂದು ಊರಲ್ಲಿ ವರ್ಷಕ್ಕೊಮ್ಮೆ ಕುದುರೆ ಓಟ. ಆಗ ಸಾವಿರಾರು ಜನ ಬಂದು ಡೇರೆ ಹಾಕುತ್ತಾರೆ. ಕಾಯಿಲೆಯಾದರೆ ವಿಮಾನದಲ್ಲಿ ವೈದ್ಯರು ಬರುತ್ತಾರೆ.

ಅಷ್ಟು ಜನರ ತೆರಿಗೆಯಿಂದ ಅಷ್ಟು ರಸ್ತೆ ನೋಡಿಕೊಳ್ಳುವುದು ಸಾಧ್ಯವೇ ಇಲ್ಲ. ಇಲ್ಲಿಯ ಕೇಂದ್ರ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ಕೊಡುವ ಸಾಮಾನ್ಯ ಅನುದಾನದಲ್ಲಿ ನೂರಕ್ಕೆ ಮೂವತ್ತನ್ನು ತಲೆ ಲೆಕ್ಕದಲ್ಲಿ ಎಲ್ಲರಿಗೂ ಖಾತ್ರಿ ಮಾಡಿ, ಉಳಿದದ್ದನ್ನು ಅಗತ್ಯ ನೋಡಿ ಹಂಚುತ್ತಾರೆ. ಒಂದು ಸಾಧಾರಣ ಸೇವೆ ಕೊಡಲು ಆ ಜಾಗದಲ್ಲಿ ಎಷ್ಟು ಹೆಚ್ಚು ಖರ್ಚು ಬೀಳುತ್ತದೆ, ಅಲ್ಲಿಯ ಆದಾಯ ಎಷ್ಟು ಎಂಬ ಲೆಕ್ಕ ಅದು. ರಸ್ತೆಗೆ ಪ್ರತ್ಯೇಕ ಪಾಲು. ಹಾಗಾಗಿ ಮೆಲ್ಬರ್ನ್, ಸಿಡ್ನಿಯ ದೊಡ್ಡ ಕೌನ್ಸಿಲುಗಳಿಗೆ ತಲಾ ಬರುವುದು ಚಿಲ್ಲರೆ, ಡಯಮಂಟೀನಾಕ್ಕೆ ತಲಾ ಬರುವುದು ದೊಡ್ಡ ಮೊತ್ತ. ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಒಂದು ಎಚ್ಚರಿಕೆಯ ಮಾತು: ಅಲ್ಲಿ ಜನ ಕಡಿಮೆ ಇರುವುದಕ್ಕೂ ಮರುಭೂಮಿಯೊಂದೇ ಕಾರಣವಲ್ಲ. ಸಾವಿರಾರು ವರ್ಷ ಅಲ್ಲಿ ಬದುಕಿದ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿದ ಚರಿತ್ರೆಯೂ ಇದೆ. ಪಣಜಿ ಬಸ್ಸಿನವರ ಮಾತು ಓದಿ ಅದು ನೆನಪಾಯಿತು.

ಬಯಲುಸೀಮೆ

ಅವರಿಗೆ ಕಬ್ಬಿಣದ ಅದಿರಿದೆ, ಕಲ್ಲಿದ್ದಲಿದೆ, ದೇಶಕ್ಕೆಲ್ಲ ಎರಡೂವರೆ ಕೋಟಿ ಚಿಲ್ಲರೆ ಜನ. ನಮ್ಮ ಕರ್ನಾಟಕವೇ ಅದರ ಎರಡರಷ್ಟಿದೆ. ಹೋಲಿಸುವುದಾದರೆ ಹೋಲಿಸುವಂಥದ್ದನ್ನು ಹೋಲಿಸಿ ಸ್ವಾಮಿ.

ಬ್ರಿಸ್ಬೇನ್ ಕನ್ನಡಿಗ

ಮೊತ್ತವನ್ನು ಹೋಲಿಸಲಿಲ್ಲ, ಹಂಚುವ ಕ್ರಮವನ್ನು ಮಾತ್ರ ಹೇಳಿದೆ. ಹತ್ತು ರೂಪಾಯಿ ಇದ್ದರೂ ಅದನ್ನು ತಲೆ ಎಣಿಸಿಯೂ ಹಂಚಬಹುದು, ದೂರ ಅಳೆದೂ ಹಂಚಬಹುದು.

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ, ಗುಡ್ಡದಾಚೆಯವರ ತಾಲ್ಲೂಕೇ. ಬರೆದು ಅಭ್ಯಾಸವಿಲ್ಲ, ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಸಾಮಾನ್ಯವಾಗಿ ಸಾವಿರ ಜನಕ್ಕೆ ಒಬ್ಬ ಆಶಾ. ನನ್ನ ಪಾಲಿಗೆ 310 ಜನ ಇದ್ದಾರೆ. ಕೇಳಿದವರು "ನಿಮ್ಮ ಕೆಲಸ ಹಗುರ" ಎನ್ನುತ್ತಾರೆ. ಆ 310 ಜನ ಹನ್ನೊಂದು ವಾಡಾದಲ್ಲಿದ್ದಾರೆ. ಒಂದು ಮನೆಯ ಬಾಣಂತಿಯನ್ನು ನೋಡಿ ಬರಲು ಒಂದು ದಿನ. ನಮ್ಮ ಪ್ರೋತ್ಸಾಹಧನ ಬರುವುದು ಎಷ್ಟು ಹೆರಿಗೆ, ಎಷ್ಟು ಮಕ್ಕಳಿಗೆ ಲಸಿಕೆ ಎಂಬ ಎಣಿಕೆಯ ಮೇಲೆ. ನಡೆದ ದಾರಿಯ ಮೇಲಲ್ಲ. ಪೇಟೆಯ ಆಶಾ ಒಂದು ಬೆಳಿಗ್ಗೆ ನೋಡುವಷ್ಟು ತಾಯಂದಿರನ್ನು ನಾನು ಇಡೀ ವರ್ಷದಲ್ಲಿ ನೋಡುತ್ತೇನೆ.

ಆ ಒಂಬತ್ತು ಮನೆ ನನ್ನದೇ. ಮಳೆಗಾಲದಲ್ಲಿ ದಿನ ತುಂಬುವ ಗರ್ಭಿಣಿ ಇದ್ದರೆ ಮೇ ತಿಂಗಳ ಕೊನೆಗೇ ಹಳ್ಳದ ಈಚೆ ನೆಂಟರ ಮನೆಗೆ ಕರೆತಂದು ಬಿಡುತ್ತೇನೆ. ಒಬ್ಬಳಿಗೆ ನೆಂಟರು ಇರಲಿಲ್ಲ, ಎರಡು ತಿಂಗಳು ನನ್ನ ಮನೆಯಲ್ಲೇ ಇದ್ದಳು. ಹೆಣ್ಣು ಮಗು. ಈಗ ಅಂಗನವಾಡಿಗೆ ಸೇರುವ ವಯಸ್ಸು. ಅಂಗನವಾಡಿ ಹಳ್ಳದ ಈಚೆ ಇದೆ.

ಹಿನ್ನೀರಿನ ಮಗಳು

ಅಕ್ಕ, ನಿಮ್ಮ ಮಗಳಿಗೆ ಹೇಳಿ, ತುಂಬಾ ಚೆನ್ನಾಗಿ ಬರೆದಿದ್ದಾಳೆ.

ಲೆಕ್ಕದ ಮನುಷ್ಯ

ಆಶಾ ಅಕ್ಕನವರಿಗೆ ನಮಸ್ಕಾರ. "ಭಾಗಿಸಿ ನೋಡಿ" ಎಂದಿದ್ದೆ. ಹಣವನ್ನು ಮಾತ್ರ ಭಾಗಿಸಿದ್ದೆ. ಎರಡು ತಿಂಗಳು ಒಬ್ಬರನ್ನು ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುವುದು ಯಾವ ಲೆಕ್ಕಶೀರ್ಷಿಕೆಗೆ ಹೋಗುತ್ತದೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಆದರೂ ಒಂದು ಕೇಳುತ್ತೇನೆ. ರಸ್ತೆಗೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇತ್ತಲ್ಲ? ಗುಡ್ಡಗಾಡಿಗೆ ಅದರಲ್ಲಿ ರಿಯಾಯಿತಿ ಇದೆ ಎಂದು ಕೇಳಿದ್ದೆ.

ನಿವೃತ್ತ ಕಾರ್ಯದರ್ಶಿ

ಇದೆ, ನಮಗಿಲ್ಲ. ಆ ಯೋಜನೆ ಶುರುವಾದಾಗ ಬಯಲಿನಲ್ಲಿ 500 ಜನರ ಜನವಸತಿಗೆ ರಸ್ತೆ, ಗುಡ್ಡಗಾಡು ರಾಜ್ಯಗಳಲ್ಲಿ, ಮರುಭೂಮಿಯಲ್ಲಿ, ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಜನರಿಗೂ ರಸ್ತೆ ಎಂದಿತ್ತು. ಗುಡ್ಡಗಾಡು ಎಂದರೆ ಹಿಮಾಚಲ, ಉತ್ತರಾಖಂಡ, ಈಶಾನ್ಯದ ರಾಜ್ಯಗಳು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೇ ಇಲ್ಲ. ಹಾಗಾಗಿ ಆ ಎರಡು ಲೆಕ್ಕದಲ್ಲೂ ನಮ್ಮ ಪಶ್ಚಿಮ ಘಟ್ಟ ಬಯಲು! ಕ್ಯಾಸಲ್ ರಾಕಿನಲ್ಲಿ ನಿಂತು ಕೆಳಗೆ ನೋಡಿದವರು ಯಾರೂ ಆ ನಿಯಮ ಬರೆದಿರಲಾರರು.

ಮೇಲಾಗಿ ಅಕ್ಕಪಕ್ಕದ ಮಜರೆಗಳನ್ನು ಸೇರಿಸಿ ಎಣಿಸುವಾಗಲೂ ಬಯಲಿಗೆ 500 ಮೀಟರ್, ಗುಡ್ಡಕ್ಕೆ ಒಂದೂವರೆ ಕಿಲೋಮೀಟರ್. ನಮ್ಮಲ್ಲಿ 500 ಮೀಟರಿನೊಳಗೆ ಎರಡನೆಯ ಮಜರೆ ಸಿಕ್ಕರೆ ಅದೃಷ್ಟ.

ಪಣಜಿ ಬಸ್ಸು

ಐದನೆಯ ಅನುಸೂಚಿ ಹಾಗಿರಲಿ, ಕರ್ನಾಟಕದಲ್ಲಿ ಕುಣಬಿಗಳು ಪರಿಶಿಷ್ಟ ಪಂಗಡವೇ ಅಲ್ಲ. ಗೋವಾದಲ್ಲಿ 2003ರಿಂದ ಇದೇ ಕುಣಬಿಗಳು ಪರಿಶಿಷ್ಟ ಪಂಗಡ. ನಾನು ಬಸ್ಸು ಹತ್ತಿ ಘಟ್ಟ ಇಳಿದರೆ ನನ್ನ ಸೋದರತ್ತೆಯ ಮಕ್ಕಳು ಒಂದು ಪಟ್ಟಿಯಲ್ಲಿ, ನಾನು ಇನ್ನೊಂದರಲ್ಲಿ. ಅರಣ್ಯ ಹಕ್ಕಿನ ಅರ್ಜಿ ಹಾಕಿದರೂ ಅದೇ ಕಥೆ: ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, 75 ವರ್ಷದ ದಾಖಲೆ ತೋರಿಸಬೇಕು. ದಾಖಲೆ ಇಟ್ಟುಕೊಂಡವರು ಕಾಡಿನಲ್ಲಿ ಯಾಕೆ ಇರುತ್ತಿದ್ದರು?

ನಿರ್ವಾಹಕ

ಪರಿಶಿಷ್ಟ ಪಂಗಡದ ಬೇಡಿಕೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಸಂಕಕ್ಕೆ ಬನ್ನಿ.

ನಿವೃತ್ತ ಕಾರ್ಯದರ್ಶಿ

ಬಂದೆ. ಪಣಜಿ ಬಸ್ಸಿನವರು ಅರಣ್ಯ ಹಕ್ಕಿನ ಹೆಸರು ತೆಗೆದದ್ದೇ ಒಳ್ಳೆಯದಾಯಿತು.

2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಂ ತೆಗೆದು ನೋಡಿ. ಜಮೀನಿನ ಹಕ್ಕಿನ ಜಗಳ ಅದರಲ್ಲಿಲ್ಲ. ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಕೊಳವೆ, ರಸ್ತೆ ಮುಂತಾದ ಹದಿಮೂರು ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರ್ ಮೀರದಂತೆ, ಹೆಕ್ಟೇರಿಗೆ 75 ಮರ ಮೀರದಂತೆ, ಅರಣ್ಯ ಭೂಮಿ ಬಳಸಬಹುದು. ಗ್ರಾಮಸಭೆಯ ಶಿಫಾರಸು ಬೇಕು. ಅದನ್ನು ನೋಡಿ ತೀರ್ಮಾನಿಸುವವರು ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಮಟ್ಟದಲ್ಲೇ ಇರುತ್ತಾರೆ, ದಿಲ್ಲಿಯವರೆಗೆ ಹೋಗಬೇಕಿಲ್ಲ. ಹುಲಿ ಯೋಜನೆಯ ಒಳವಲಯದಲ್ಲಿದ್ದರೆ ದಾರಿ ಇನ್ನೂ ಉದ್ದ. ನಿಮ್ಮದು ಎಲ್ಲಿ ಬರುತ್ತದೆ ಎಂದು ಮೊದಲು ವಲಯ ಕಚೇರಿಯ ನಕ್ಷೆಯಲ್ಲಿ ಖಚಿತ ಮಾಡಿಕೊಳ್ಳಿ.

ಎರಡು ಕಿವಿಮಾತು. ಒಂದು, ಪಟ್ಟಿಯಲ್ಲಿ ರಸ್ತೆ ಎಂಬ ಶಬ್ದ ಇದೆ, ಸೇತುವೆ ಎಂಬ ಶಬ್ದ ಇಲ್ಲ. ಹಾಗಾಗಿ "ಸಂಕ ಬೇಕು" ಎಂದು ಬರೆಯಬೇಡಿ. "ಇಂಥ ಸ್ಥಳದಿಂದ ಇಂಥ ವಾಡಾದವರೆಗಿನ ರಸ್ತೆ, ಅದರಲ್ಲಿ 14 ಮೀಟರ್ ಉದ್ದದ ದಾಟು" ಎಂದು ಬರೆಯಿರಿ. ಎರಡು, ಈ ಕಾಯ್ದೆಯ ಗ್ರಾಮಸಭೆ ನಿಮ್ಮ ಹದಿನೈದು ಊರುಗಳ ಪಂಚಾಯಿತಿ ಸಭೆಯಲ್ಲ. ಪಂಚಾಯತ್ ಕಾಯ್ದೆಯ ಗ್ರಾಮಸಭೆಗೆ ಮತದಾರರ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬಂದರೆ ಸಾಕು. ಇಲ್ಲಿ ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ ಕುಳಿತಿರಬೇಕು. ಆರು ಸಾವಿರ ಜನರ ದೊಡ್ಡ ಊರಿನಲ್ಲಿ ಇದು ಆಗುವ ಕೆಲಸವೇ ಅಲ್ಲ. ನಿಮ್ಮಲ್ಲಿ?

ಗುಡ್ಡದಾಚೆ

ಇಡೀ ಕಂದಾಯ ಗ್ರಾಮಕ್ಕೆ 41 ಮನೆ. ಗೋವಾಕ್ಕೆ ಹೋದವರು ಗಣೇಶ ಚೌತಿಗೆ ತಪ್ಪದೆ ಬರುತ್ತಾರೆ. ಚೌತಿಯ ಮರುದಿನ ಸಭೆ ಇಟ್ಟರೆ ಅರ್ಧ ಏನು, ಮುಕ್ಕಾಲು ಜನ ಕುಳಿತಿರುತ್ತಾರೆ. ಕಾರ್ಯದರ್ಶಿಗಳೇ, ಇಷ್ಟು ವರ್ಷದಲ್ಲಿ ನಾವು ಕಡಿಮೆ ಇರುವುದರಿಂದ ಆಗುವ ಕೆಲಸ ಒಂದು ಇದೆ ಎಂದು ಮೊದಲ ಸಲ ಕೇಳಿದೆ.

ಪಣಜಿ ಬಸ್ಸು

ಚೌತಿಯ ಮರುದಿನವೇ ಇಡಿ. ಅದರಾಚೆಯ ದಿನ ಎಲ್ಲರೂ ಮರಳಿ ಬಸ್ಸು ಹತ್ತುತ್ತಾರೆ. ನಾನೂ.

ಬಯಲುಸೀಮೆ

ಅನುಮತಿ ಸಿಕ್ಕಿತು ಎಂದುಕೊಳ್ಳೋಣ. ಹಣ?

ನಿವೃತ್ತ ಕಾರ್ಯದರ್ಶಿ

ಅದು ಬೇರೆ ಬಾಗಿಲು. ಶಾಸಕರ ನಿಧಿ ಇದೆ, ಶಿವಮೊಗ್ಗದಲ್ಲಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಆ ಮಂಡಳಿಗೆ ಕೇಳುವಾಗ ಅರಣ್ಯದ ಅನುಮತಿ ಕೈಯಲ್ಲಿದ್ದರೆ ಕಡತ ಮೇಜಿನ ಮೇಲೆ ಉಳಿಯುತ್ತದೆ, ಇಲ್ಲದಿದ್ದರೆ ಕಪಾಟಿಗೆ ಹೋಗುತ್ತದೆ. ಕಾಂಕ್ರೀಟೇ ಆಗಬೇಕೆಂದೂ ಇಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು ಇಂಥ ಊರುಗಳಿಗೆಂದೇ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. 14 ಮೀಟರಿಗೆ ತೂಗುಸೇತುವೆಯೂ ಬೇಕಾಗಿಲ್ಲ, ಉಕ್ಕಿನ ತೊಲೆಯ ಕಾಲುಸಂಕ ಸಾಕು. ತುಂಡುತುಂಡಾಗಿ ಹೊತ್ತು ಸಾಗಿಸಿ ಅಲ್ಲೇ ಬೋಲ್ಟ್ ಬಿಗಿಯಬಹುದು. ಅಂದಾಜುಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಗುಡ್ಡದಾಚೆ

ಠರಾವಿನ ಕರಡು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ:

"ಈ ಗ್ರಾಮದ ವಯಸ್ಕ ನಿವಾಸಿಗಳ ಸಭೆಯು, ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2)ರ ಅನ್ವಯ, ಮುಖ್ಯ ರಸ್ತೆಯಿಂದ ವಾಡಾದವರೆಗಿನ ರಸ್ತೆ ಹಾಗೂ ಅದರ ಭಾಗವಾದ 14 ಮೀಟರ್ ಉದ್ದದ ದಾಟಿಗೆ ಅರಣ್ಯ ಭೂಮಿಯನ್ನು ಬಳಸಲು ದಯವಿಟ್ಟು ಅನುಮತಿ ನೀಡಬೇಕೆಂದು ವಿನಮ್ರವಾಗಿ ಕೋರುತ್ತದೆ."

ನಿವೃತ್ತ ಕಾರ್ಯದರ್ಶಿ

"ದಯವಿಟ್ಟು" ತೆಗೆಯಿರಿ. "ವಿನಮ್ರವಾಗಿ" ತೆಗೆಯಿರಿ. "ಕೋರುತ್ತದೆ" ಬೇಡ, "ಶಿಫಾರಸು ಮಾಡುತ್ತದೆ" ಎಂದು ಬರೆಯಿರಿ. ಕಾಯ್ದೆಯಲ್ಲಿ ಗ್ರಾಮಸಭೆ ಅರ್ಜಿದಾರನಲ್ಲ. ಹಾಜರಿದ್ದವರ ಸಹಿ, ಹೆಂಗಸರ ಸಹಿ ಕನಿಷ್ಠ ಮೂರನೆಯ ಒಂದು ಪಾಲು ಇರಲಿ. ರಸ್ತೆಯ ಉದ್ದ, ಅಗಲ ಗುಣಿಸಿ ಒಂದು ಹೆಕ್ಟೇರಿನೊಳಗೆ ಬರುತ್ತದೆಯೇ ನೋಡಿ. ಆರು ಕಿಲೋಮೀಟರ್ ಕಾಲುದಾರಿಗೆ ಒಂದೂವರೆ ಮೀಟರ್ ಅಗಲ ಹಿಡಿದರೆ 0.9 ಹೆಕ್ಟೇರ್, ಸರಿಹೋಗುತ್ತದೆ. ಜೀಪಿನ ಆಸೆ ಬಿಡಿ.

ಆಶಾ ಅಕ್ಕ

ಹೆಂಗಸರ ಸಹಿ ನಾನು ಮಾಡಿಸುತ್ತೇನೆ. ಚೌತಿಯವರೆಗೆ ಕಾಯಬೇಕಿಲ್ಲ, ಯಾರುಯಾರು ಬರುತ್ತಾರೆ ಎಂದು ಈಗಲೇ ಕೇಳಿಡುತ್ತೇನೆ.

ಲೆಕ್ಕದ ಮನುಷ್ಯ

ಗುಣಾಕಾರವನ್ನು ನಾನೂ ಪರೀಕ್ಷಿಸಿದೆ, ಸರಿಯಿದೆ. ಕಡಿಯಬೇಕಾದ ಮರ ಎಷ್ಟು ಎಂದು ಎಣಿಸಿದ್ದೀರಾ? ನಮೂನೆಯಲ್ಲಿ ಅದನ್ನೂ ಕೇಳುತ್ತಾರೆ.

ಗುಡ್ಡದಾಚೆ

ಮೊನ್ನೆ ಹೋಗಿ ಎಣಿಸಿದೆ. ಹನ್ನೊಂದು. ಮನೆಗಿಂತ ಎರಡು ಹೆಚ್ಚು.